ಏಕಾದಶಿಯ ನೆಗಡಿ

ಒಂದು ವರ್ಷದ ಕಾಲ ನಮ್ಮ ಅತ್ತೆಗೆ ತಿಂಗಳಿಗೆ ಎರಡು ಸಲ ನೆಗಡಿಯಾಗುತ್ತಿತ್ತು. ಪ್ರತಿ ಏಕಾದಶಿಗೂ ಒಂದೊಂದು. ಮಧ್ಯಾಹ್ನ ಆಕಳಿಕೆಯಿಂದ ಶುರುವಾಗಿ ಸಂಜೆಯ ಹೊತ್ತಿಗೆ ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಬೆವರುತ್ತಲೇ ಚಳಿ ಚಳಿ ಎಂದು ಶಾಲು ಹೊದೆಯುತ್ತಿದ್ದಳು. ಮರುದಿನ ದ್ವಾದಶಿ, ಬೆಳಗ್ಗೆ ಬೇಗ ಸ್ನಾನ, ಪೂಜೆ, ಆಮೇಲೆ ಉಪವಾಸ ಮುಗಿಸುವ ಪಾರಣೆಯ ಊಟ. ಊಟ ಮುಗಿಸಿ ಎದ್ದು ಸ್ವಲ್ಪ ಹೊತ್ತಾದರೆ ನೆಗಡಿಯ ಸುಳಿವೇ ಇರುತ್ತಿರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ಆಗಬೇಕಿತ್ತು ಎಂದು ಯಾವತ್ತೂ ಹೇಳಿಕೊಳ್ಳಲೂ ಇಲ್ಲ. ಜಯನಗರದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಅವಳು. ನನಗೆ ಜಡೆ ಹಾಕಿದವಳೂ ಮಗ್ಗಿ ಹೇಳಿಕೊಟ್ಟವಳೂ ಅವಳೇ. ನಾನು ಬಯೋಕೆಮಿಸ್ಟ್ರಿ ಓದಿ ಬನಶಂಕರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಹೆಚ್ಚು ಮಾತಾಡದವರು ನಾವಿಬ್ಬರೇ ಆದ್ದರಿಂದ ನಮ್ಮ ನಡುವೆ ಒಂದು ಒಪ್ಪಂದ ತಾನಾಗಿ ಬೆಳೆದಿತ್ತು: ಕೇಳದೆ ಏನನ್ನೂ ಹೇಳುವುದಿಲ್ಲ, ಹೇಳದ್ದನ್ನು ಕೆದಕುವುದಿಲ್ಲ.

ಅವಳ ಏಕಾದಶಿ ನಿರ್ಜಲ. ಹುಡುಗಿಯಾಗಿದ್ದಾಗಿನಿಂದ ಹಾಗೇ. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವಾಗಲೂ ಒಂದು ತೊಟ್ಟು ನೀರು ಕುಡಿಯದೆ ದಿನವಿಡೀ ಕರೆ ಜೋಡಿಸಿದವಳು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನ ಅವಳ ನಡಿಗೆಯಲ್ಲಿ ಒಂದು ಹಗುರ ಇರುತ್ತಿತ್ತು, ರಜೆ ಸಿಕ್ಕವರ ಹಾಗೆ. ಚಿಕ್ಕಂದಿನಲ್ಲಿ ನಾನು, ಏಕಾದಶಿ ಎಂದರೆ ಅತ್ತೆಯ ಹುಟ್ಟುಹಬ್ಬ, ಅದು ತಿಂಗಳಿಗೆ ಎರಡು ಸಲ ಬರುತ್ತದೆ ಎಂದೇ ತಿಳಿದಿದ್ದೆ.

ಆದ್ದರಿಂದ ಆ ನೆಗಡಿ ಮನೆಮಂದಿಗೆಲ್ಲ ಕಿರಿಕಿರಿಯಾಯಿತು. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಅಮ್ಮ ಕಾಫಿ ತಪ್ಪಿದ್ದಕ್ಕೆ ಎಂದಳು. ಅಪ್ಪ ವಯಸ್ಸು ಎಂದ. "ಇನ್ನಾದ್ರೂ ಉಪವಾಸ ಬಿಡಕ್ಕಾ, ದೇವರೇನು ಹಾಜರಿ ತಗೋತಾನಾ?" ಎಂದು ಕೇಳಿದಾಗ ಅತ್ತೆ, "ನಿನ್ನ ಹಾಜರಿ ಅವನು ಎಂದೋ ಬಿಟ್ಟಿದಾನೆ, ನನ್ನದು ಇನ್ನೂ ಇದೆ" ಎಂದು ಮೂಗು ಒರೆಸಿಕೊಂಡಳು. ಅವಳ ಪ್ರಕಾರ ತಪ್ಪೆಲ್ಲ ನೆಲದ ತಂಪಿನದು. ಏಕಾದಶಿಯಂದು ಫ್ಯಾನ್ ಹಾಕಬಾರದು ಎಂಬ ಹೊಸ ಕಟ್ಟಳೆ ಬಂತು. ಉಣ್ಣೆಯ ಕಾಲುಚೀಲ ಬಂತು. ಮಡಿಸಿದ ಕರವಸ್ತ್ರ ಬೆಳಗ್ಗೆಯೇ ಸೊಂಟ ಸೇರುತ್ತಿತ್ತು.

ದ್ವಾದಶಿಗೆ ನಮ್ಮಲ್ಲಿ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಆಗಲೇಬೇಕು. ಊಟವಾದ ಕೂಡಲೇ ನೆಗಡಿ ಬಿಡುತ್ತಿದ್ದರಿಂದ ಅತ್ತೆ ಅದರ ಕೀರ್ತಿಯನ್ನೆಲ್ಲ ಅಗಸೆ ಸೊಪ್ಪಿಗೆ ಕೊಟ್ಟಳು. ಮಠದಲ್ಲಿ ಪ್ರವಚನಕ್ಕೆ ಬರುವ ಗೆಳತಿಯರಿಗೂ ಹೇಳಿದಳು. ಅವರಲ್ಲಿ ಇಬ್ಬರು ನೆಗಡಿ ಬಂದಾಗಲೆಲ್ಲ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಅಗಸೆ ಸೊಪ್ಪು ಹುಡುಕತೊಡಗಿದರು. ಒಬ್ಬರಿಗೆ ವಾಸಿಯೂ ಆಯಿತಂತೆ.

ಪಾರಣೆಯ ಊಟವಾದ ಮೇಲೆ ಅತ್ತೆ ಇನ್ನೊಂದು ವಸ್ತುವನ್ನೂ ನುಂಗುತ್ತಿದ್ದಳು. ಅದು ನಮ್ಮ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಆ ಮಾತ್ರೆ ಮನೆಗೆ ಬಂದದ್ದು ಹೀಗೆ. ಮಡಿ ಬಟ್ಟೆಯನ್ನು ಯಾರೂ ಮುಟ್ಟಬಾರದೆಂದು ಎತ್ತರದಲ್ಲಿ ಕಟ್ಟಿದ ಬಿದಿರಿನ ಗಳುವಿನ ಮೇಲೆ, ಇನ್ನೊಂದು ಕೋಲಿನಿಂದ ಎತ್ತಿ ಹರವುತ್ತಾರೆ. ಹಾಗೆ ಕತ್ತು ಮೇಲೆತ್ತಿ ಒದ್ದೆ ಸೀರೆ ಹರವುತ್ತಿದ್ದಾಗ ಅತ್ತೆ ಹಿಂದಕ್ಕೆ ಜಾರಿ ಬಿದ್ದಳು. ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು. ಆಪರೇಷನ್ ಬೇಡ, ತಾನಾಗಿ ಕೂಡಿಕೊಳ್ಳುತ್ತದೆ ಎಂದರು ಆಸ್ಪತ್ರೆಯವರು. ನೋವಿಗೆ ಟ್ರಮಡಾಲ್ ಬರೆದುಕೊಟ್ಟರು.

ಆ ಮಾತ್ರೆಯ ಬಗ್ಗೆ ಕೆಟ್ಟದ್ದು ಬರೆಯಲು ನನಗೆ ಮನಸ್ಸಿಲ್ಲ. ಅದು ಅಫೀಮಿನ ಬಳಗಕ್ಕೆ ಸೇರಿದ್ದೆಂದು ನನಗೆ ಆಗಲೂ ಗೊತ್ತಿತ್ತು. ಮಗ್ಗುಲು ಬದಲಿಸಲು ಹೋಗಿ ಅತ್ತೆ ಹಲ್ಲು ಕಚ್ಚಿ ಅರ್ಧಕ್ಕೇ ನಿಂತುಬಿಡುತ್ತಿದ್ದದ್ದನ್ನು ನೋಡಿದ್ದೇನೆ. ಮಾತ್ರೆ ನುಂಗಿದ ಮೇಲೆ ಅದೇ ಮಗ್ಗುಲಾಗಿ ನಿದ್ದೆ ಹೋದದ್ದನ್ನೂ ನೋಡಿದ್ದೇನೆ. ಆ ವಾರಗಳಲ್ಲಿ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಮೂಳೆ ಕೂಡಿಕೊಂಡ ಮೇಲೂ ಮಾತ್ರೆ ಉಳಿದುಕೊಂಡಿತು. ಕಾಲೇಜಿನಿಂದ ಬರುವಾಗ ನಮ್ಮ ರಸ್ತೆಯ ಮೂಲೆಯ ಅಂಗಡಿಯಲ್ಲಿ ನಾನು ಕಂಡ ಕೂಡಲೇ ಅಂಗಡಿಯವರು, "ಅತ್ತೆಯವರದ್ದಾ ಮೇಡಂ?" ಎಂದು ಚೀಟಿ ಕೇಳದೆ ಪಟ್ಟಿ ತೆಗೆದುಕೊಡುತ್ತಿದ್ದರು. ಪರಿಚಯದವರೆಂಬ ವಿಶ್ವಾಸ. ದಿನಕ್ಕೆ ಎರಡು ಹೊತ್ತು, ಊಟವಾದ ಮೇಲೆ. ಊಟವಾದ ಮೇಲೆ ಎಂದು ಬರೆದಿದ್ದರಿಂದಲೇ ಊಟವಿಲ್ಲದ ಏಕಾದಶಿಗೆ ಮಾತ್ರೆಯೂ ಇರಲಿಲ್ಲ.

ಗೊತ್ತಾಗಲು ದಾರಿಯಾದದ್ದು ಒಂದು ನವಮಿಯಂದು. ಏಕಾದಶಿಗೆ ಇನ್ನೂ ಸಮಯವಿತ್ತು. ಮಗಳ ಮದುವೆಯೆಂದು ಮೂಲೆಯ ಅಂಗಡಿಯವರು ಬಾಗಿಲು ಹಾಕಿದ್ದರು. ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿದ್ದವರು ಹಳೆಯ ಚೀಟಿ ತಿರುಗಿಸಿ ನೋಡಿ, "ಇದು ಆಗಲ್ಲ ಮೇಡಂ. ಈ ಮಾತ್ರೆಗೆ ಹೊಸ ಚೀಟಿ ಬೇಕು" ಎಂದರು. ಬರಿಗೈಯಲ್ಲಿ ಬಂದೆ. ಅತ್ತೆಗೆ ಹೇಳಿದೆ. "ಒಂದಿನ ತಾನೆ, ಇರಲಿ ಬಿಡು" ಎಂದಳು. ಮರುದಿನ ಅಮ್ಮ ಬಿಸಿಬೇಳೆ ಭಾತ್ ಮಾಡಿದ್ದಳು. ಅತ್ತೆ ಎರಡನೇ ಸಲ ಬಡಿಸಿಕೊಂಡು ತಿಂದಳು.

ಸಂಜೆ ನಾನು ವರಾಂಡದಲ್ಲಿ ಉತ್ತರಪತ್ರಿಕೆ ನೋಡುತ್ತಾ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಅತ್ತೆ ಆಕಳಿಸಿದಳು. ಮತ್ತೊಮ್ಮೆ ಆಕಳಿಸಿದಳು. ಸೆರಗಿನಿಂದ ಮೂಗು ಒತ್ತಿಕೊಂಡಳು. ತೋಳಿನ ಮೇಲೆ ಕೂದಲು ನೆಟ್ಟಗೆ ನಿಂತಿತ್ತು. ನಾನು ಕೆಂಪು ಪೆನ್ನು ಕೆಳಗಿಟ್ಟೆ.

ಅವಳು ತನ್ನ ತೋಳನ್ನೇ ನೋಡಿಕೊಂಡು ನಕ್ಕಳು. "ಇವತ್ತು ದಶಮಿ ಅಲ್ವೇನೇ? ನನ್ನ ಮೈ ಏಕಾದಶಿ ಅಂದ್ಕೊಂಡಿದೆ ನೋಡು."

"ಮಧ್ಯಾಹ್ನ ಊಟ ಮಾಡಿದೀಯ ಅತ್ತೆ."

"ಮಾಡ್ದೆನಲ್ಲ, ಎರಡು ಸಲ ಹಾಕಿಸ್ಕೊಂಡೆ."

"ಕಾಫಿನೂ ಕುಡಿದಿದೀಯ."

"ಏನೇ ಇದು, ಪೊಲೀಸಿನವಳ ಥರ ಕೇಳ್ತೀಯ?"

ಅಷ್ಟು ಹೊತ್ತಿಗೆ ನನಗೆ ಉತ್ತರ ಹೊಳೆದಿತ್ತು. ಹೇಳುವುದು ಹೇಗೆ ಎಂಬುದು ಹೊಳೆದಿರಲಿಲ್ಲ. ಶ್ರಾವಣದಿಂದ ಕಾರ್ತೀಕದವರೆಗೆ ಒಂದೊಂದು ತಿಂಗಳು ಒಂದೊಂದು ಪದಾರ್ಥ ಬಿಡುವವಳು. ನಾಲಿಗೆ ತನ್ನ ಮಾತು ಕೇಳಬೇಕೇ ಹೊರತು ತಾನು ನಾಲಿಗೆಯ ಮಾತು ಕೇಳಬಾರದು ಎನ್ನುವವಳು. ಅವಳ ಮುಂದೆ ಚಟ ಎಂಬ ಪದ ಬಾಯಿಗೆ ಬರಲಿಲ್ಲ. "ಮಾತ್ರೆ ತಪ್ಪಿದ್ರೆ ಹೀಗಾಗುತ್ತೇನೋ" ಎಂದಷ್ಟೇ ಅಂದೆ.

ಅತ್ತೆ ಎದ್ದು ಒಳಗೆ ಹೋಗಿ ತನ್ನ ಕೈಚೀಲ ತಂದಳು. ಅದರ ಒಳಜೇಬಿನಲ್ಲಿ, ಬಸ್ಸಿನ ಚಿಲ್ಲರೆಯ ಜೊತೆ, ಪಟ್ಟಿಯಿಂದ ಕತ್ತರಿಸಿದ ಒಂದೇ ಒಂದು ಮಾತ್ರೆ ಇತ್ತು. "ಎಲ್ಲಾದರೂ ಹೋದಾಗ ಇರಲಿ ಅಂತ ಇಟ್ಕೊಂಡಿದ್ದೆ" ಎಂದು ನನ್ನ ಮುಖ ನೋಡದೆ ಹೇಳಿ, ನೀರು ತರಿಸಿಕೊಂಡು ನುಂಗಿದಳು. ನಾನು ಪೇಪರ್ ತಿದ್ದುವ ನಾಟಕ ಮಾಡಿದೆ. ಎದುರು ಮನೆಯ ದೀಪ ಹೊತ್ತಿತು. ಅತ್ತೆಯ ಮೂಗು ಒಣಗಿತು, ತೋಳು ನುಣುಪಾಯಿತು, ಆಕಳಿಕೆ ನಿಂತಿತು.

"ಪಾರಣೆ ಇಲ್ಲದೇ ನೆಗಡಿ ಹೋಯ್ತಲ್ಲೇ" ಎಂದಳು.

ಆಮೇಲೆ, ನಾನು ಕೇಳದಿದ್ದರೂ, "ನೋವಿಲ್ಲದ ದಿನಾನೂ ತಗೊಂಡಿದೀನಿ. ಒಂಥರಾ ನೆಮ್ಮದಿಯಾಗಿರುತ್ತೆ, ಮನಸ್ಸಿಗೆ ಶಾಲು ಹೊದಿಸಿದ ಹಾಗೆ" ಎಂದಳು. ನಮ್ಮ ಒಪ್ಪಂದವನ್ನು ಅವಳು ಮುರಿದದ್ದು ಅದೇ ಮೊದಲು. ನನಗೆ ಅದು ನನ್ನ ಮೇಲಿಟ್ಟ ದೊಡ್ಡ ವಿಶ್ವಾಸ ಎನಿಸಿತು.

ಬಿಳೇಕಹಳ್ಳಿಯ ಹತ್ತಿರ ನೋವಿಗೆಂದೇ ಒಂದು ಕ್ಲಿನಿಕ್ ಇದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಲ್ಲಿಗೆ ಹೋದೆವು. ಡಾಕ್ಟರ್ ನಡುವಯಸ್ಸಿನ ಹೆಂಗಸು. ಅತ್ತೆ ತನ್ನ ಕಥೆಯನ್ನು ಬೆನ್ನಿನಿಂದ ಶುರುಮಾಡದೆ ಏಕಾದಶಿಯಿಂದ ಶುರುಮಾಡಿದಳು. ಡಾಕ್ಟರ್ ನಗಲಿಲ್ಲ.

"ಅದು ನೆಗಡಿ ಅಲ್ಲಮ್ಮ" ಎಂದರು. "ದಶಮಿ ರಾತ್ರಿ ಕೊನೇ ಮಾತ್ರೆ. ಮಾರನೇ ದಿನ ಪೂರ್ತಿ ಇಲ್ಲ. ದೇಹ ಅದಕ್ಕೆ ಒಗ್ಗಿಕೊಂಡುಬಿಟ್ಟಿದೆ. ಸಿಗದೇ ಹೋದಾಗ ಹೀಗೆ ಹಟ ಮಾಡುತ್ತೆ."

"ಅಂದ್ರೆ ಕುಡುಕರ ಥರಾನಾ?"

"ಒಗ್ಗಿಕೊಳ್ಳೋದು ಒಂದು, ಅದರ ಹಿಂದೆ ಬೀಳೋದು ಇನ್ನೊಂದು. ನೀವು ಮೊದಲನೇದರಲ್ಲಿ ಪೂರ್ತಿ ಇದೀರಿ. ಎರಡನೇದರ ಕಡೆ ಒಂದು ಹೆಜ್ಜೆ ಇಟ್ಟಿದೀರಿ. ನೋವಿಲ್ಲದಾಗಲೂ ತಗೊಂಡೆ ಅಂತ ನೀವೇ ಹೇಳಿದ್ರಲ್ಲ, ಅದರಿಂದ ನನಗೆ ಕೆಲಸ ಸುಲಭ ಆಯ್ತು."

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಹಾಗಾದ್ರೆ ಇವತ್ತಿಂದಲೇ ಬಿಟ್ಬಿಡ್ತೀನಿ. ಬಿಡೋದು ನನಗೆ ಅಭ್ಯಾಸ ಇದೆ."

"ಅದೇ ಬೇಡ ಅನ್ನೋದು. ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕು, ತಿಂಗಳುಗಳೇ ಹಿಡೀಬಹುದು. ಅಲ್ಲೀವರೆಗೂ ಹೇಳಿದ ಹೊತ್ತಿಗೆ, ಹೇಳಿದಷ್ಟು. ಒಂದು ಹೊತ್ತೂ ತಪ್ಪಿಸಬಾರದು." ಡಾಕ್ಟರ್ ಒಂದು ಕ್ಷಣ ತಡೆದು, "ಏಕಾದಶಿನೂ ಸೇರಿ" ಎಂದರು. "ಖಾಲಿ ಹೊಟ್ಟೇಲಿ ವಾಂತಿ ಬರಬಹುದು. ಒಂದು ಲೋಟ ಹಾಲಾದ್ರೂ ಕುಡೀರಿ."

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತು ನಿಂತು ಸಾಗಿತು. ಅತ್ತೆ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಬೆನ್ನು ನೋವಿರಲಿ, ಕೈ ನಡುಗಲಿ, ಅದೆಲ್ಲಕ್ಕೂ ಅವಳು ತಯಾರಿದ್ದಳು. ಏಕಾದಶಿಯಂದು ಹಾಲು ಕುಡಿಯುವುದಕ್ಕೆ ಮಾತ್ರ ತಯಾರಿರಲಿಲ್ಲ. ಅವಳ ಬದುಕಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಪೂರ್ತಿ ಅವಳದೇ ಆಗಿದ್ದದ್ದು ಆ ದಿನವೊಂದೇ. ಉಪವಾಸ ಮಾಡಿದರೆ ಮಾತ್ರೆ ಬಿಡಲಾಗದು. ಮಾತ್ರೆ ಬಿಡಬೇಕಾದರೆ ಉಪವಾಸ ಬಿಡಬೇಕು. ಬಿಟ್ಟದ್ದು ಮತ್ತೆ ಸಿಗುತ್ತದೆಂಬ ಖಾತರಿಯೂ ಇಲ್ಲ. ಮನೆ ಹತ್ತಿರ ಬಂದಾಗ, "ಆ ಡಾಕ್ಟರ್ ಕನ್ನಡ ಚೆನ್ನಾಗಿದೆ" ಎಂದಷ್ಟೇ ಅಂದಳು.

ಎರಡು ದಿನ ಯೋಚಿಸಿ ಮಠದ ಆಚಾರ್ಯರಿಗೆ ಫೋನ್ ಮಾಡಿದಳು. ಅವರಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಔಷಧಿಗೆ ದೋಷ ಇಲ್ಲಮ್ಮ, ತಗೊಳ್ಳಿ."

"ಊಟ ಆದಮೇಲೆ ತಗೋಬೇಕು ಅಂತ ಬರ್ದಿದೆ, ಆಚಾರ್ಯರೇ."

"ಹಾಲು ತಗೊಳ್ಳಿ. ಹಣ್ಣು ತಗೊಳ್ಳಿ. ಅನ್ನ ಮುಟ್ಟಬೇಡಿ, ಅಷ್ಟೇ."

"ನೀವು ಹೀಗೆ ಸುಲಭ ಮಾಡಿಕೊಟ್ರೆ ಹೇಗೆ?"

"ಕಷ್ಟದ್ದೇ ಬೇಕಾ ನಿಮಗೆ? ಹಾಗಾದ್ರೆ ಹಾಲಿಗೆ ಸಕ್ಕರೆ ಹಾಕ್ಕೋಬೇಡಿ" ಎಂದರು. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ನಕ್ಕಳು. ಅತ್ತೆ ಫೋನಿಟ್ಟು, "ಅವರಿಗೂ ವಯಸ್ಸಾಯ್ತು" ಎಂದಳು.

ಮುಂದಿನ ಏಕಾದಶಿಗೆ ಅವಳು ಎಲ್ಲರನ್ನೂ ಅಡುಗೆಮನೆಯಿಂದ ಆಚೆ ಕಳಿಸಿದಳು. ಗೋಡೆಯ ಕಡೆ ಮುಖ ಮಾಡಿ ಬೆಳ್ಳಿ ಲೋಟದಲ್ಲಿ ಹಾಲು ಕುಡಿದಳು, ಸಕ್ಕರೆಯಿಲ್ಲದೆ. ಬಾಗಿಲ ಸಂದಿಯಿಂದ ನನಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಆ ಸಂಜೆ ಮೂಗು ಸೋರಲಿಲ್ಲ. ಆದರೆ ಅವಳ ನಡಿಗೆಯ ಆ ಹಗುರವೂ ಇರಲಿಲ್ಲ.

ಮಾತ್ರೆ ಇಳಿಸುವ ಕೆಲಸ ಶುರುವಾದ ಮೇಲೆ ಅತ್ತೆ ಅದಕ್ಕೆ ತನ್ನದೇ ಒಂದು ತರ್ಕ ಕಂಡುಕೊಂಡಳು. "ಎಲ್ಲಾ ಒಂದೇ ದಿನ ಬಿಡು ಅಂತ ಚಾತುರ್ಮಾಸ್ಯದಲ್ಲೂ ಹೇಳಿಲ್ಲ ನೋಡು. ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಆಮೇಲೆ ಬೇಳೆ." ಮರುಕ್ಷಣ ತಾನೇ ತಿದ್ದಿಕೊಂಡಳು. "ಆದ್ರೆ ಅಲ್ಲಿ ಬಿಟ್ಟಿದ್ದು ಮುಂದಿನ ತಿಂಗಳು ವಾಪಸ್ ಬರುತ್ತೆ. ಇದು ಬರಬಾರದು."

ಮಾತ್ರೆಯ ಜಾಗಕ್ಕೆ ಬಂದದ್ದು ಒಂದೇ ವಸ್ತುವಲ್ಲ, ಹಲವು ಸಣ್ಣ ಸಣ್ಣ ಏರ್ಪಾಡುಗಳು. ಬೆಳಗ್ಗೆ ಬಿಸಿನೀರಿನ ಚೀಲದ ಶಾಖ. ತೀರಾ ನೋವಾದರೆ ಸಾದಾ ಪ್ಯಾರಾಸಿಟಮಾಲ್. ಅಡುಗೆಮನೆಯಲ್ಲಿ ಎತ್ತರದ ಸ್ಟೂಲು, ಕೂತು ಹೆಚ್ಚಲು. ಅಪ್ಪ ಗಳುವನ್ನು ಕೆಳಗಿಳಿಸಿ ಕಟ್ಟಿಸಿದ. ಕತ್ತೆತ್ತದೆ ಬಟ್ಟೆ ಹರವಬಹುದಾದ ಎತ್ತರ. ನಾವು ಯಾರೂ ತಗುಲದಂತೆ ಬಗ್ಗಿ ಓಡಾಡುವುದನ್ನು ಕಲಿತೆವು. ಸಿದ್ದಾಪುರದಿಂದ ಸ್ಕೂಟರಿನಲ್ಲಿ ಬರುವ ಫಿಸಿಯೋಥೆರಪಿಯ ಹುಡುಗಿ ಬೆನ್ನಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಹೇಳಿಕೊಟ್ಟಳು. ಹಾಸಿಗೆಯ ಮೇಲೆ ಮಲಗಿ ಸೊಂಟ ಎತ್ತಿ ಹಿಡಿಯಬೇಕು. ಎಣಿಸುವುದು ಬೇಸರವೆಂದು ಅತ್ತೆ, ಒಂದು ಶ್ಲೋಕ ಮುಗಿಯುವವರೆಗೆ ಹಿಡಿಯುತ್ತೇನೆ ಎಂದಳು. ದಿನ ಕಳೆದಂತೆ ಶ್ಲೋಕದ ವೇಗ ಏರಿತು.

"ಆಂಟಿ, ಮೋಸ ಮಾಡ್ತಿದೀರ. ನಿನ್ನೆ ಇದೇ ಶ್ಲೋಕ ಇನ್ನೂ ಉದ್ದ ಇತ್ತು."

"ನಿನಗೆ ಸಂಸ್ಕೃತ ಬರುತ್ತಾ?"

"ಬರಲ್ಲ. ಗಡಿಯಾರ ನೋಡಕ್ಕೆ ಬರುತ್ತೆ."

ಕೊನೆಯ ಅರ್ಧ ಮಾತ್ರೆಯೇ ಎಲ್ಲಕ್ಕಿಂತ ಕಷ್ಟವಾಯಿತು. ಕಾಲುಗಳಲ್ಲಿ ತಹತಹ. ಎಲ್ಲರ ಮೇಲೂ ಸಿಡುಕು. ಅದರ ಜೊತೆಗೆ, ಬೆನ್ನಿನ ನೋವೂ ತಾನು ಎಲ್ಲಿಗೂ ಹೋಗಿಲ್ಲವೆಂದು ನೆನಪಿಸುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಅಮ್ಮ ಮನೆಯಲ್ಲಿರಲಿಲ್ಲ. ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಮೂಲೆ ಅಂಗಡಿ ತೆಗೆದಿರುತ್ತೆ ಅಲ್ವಾ? ಅವರು ನಿನ್ನ ನೋಡಿದ್ರೆ ಕೊಡ್ತಾರೆ. ಒಂದೇ ಒಂದು."

ನಾನು ಓದುತ್ತಿದ್ದ ಪುಸ್ತಕ ಮುಚ್ಚಿದೆ.

"ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು. ಇಷ್ಟು ದಿನದಲ್ಲಿ ನಿನ್ನ ಹತ್ತಿರ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ, ನಿಜ. ಆ ಮಾತು ನನ್ನನ್ನು ಮುಟ್ಟಿತು. ಏನು ಹೇಳಿದರೂ ಉಪದೇಶವಾಗುತ್ತದೆ ಎನಿಸಿ ನಾನು ಎದ್ದು ಅವಳ ಚಪ್ಪಲಿ ತಂದು ಮುಂದಿಟ್ಟೆ. ಅಂಗಡಿಗೆ ಹೊರಟೆವೆಂದುಕೊಂಡಳೋ ಏನೋ, ಹಾಕಿಕೊಂಡಳು. ಗೇಟು ದಾಟಿ ನಾನು ಅಂಗಡಿಯ ಕಡೆ ತಿರುಗದೆ ಪಾರ್ಕಿನ ಕಡೆ ತಿರುಗಿದೆ. ಅವಳು ಒಂದು ಕ್ಷಣ ನಿಂತಳು. ಆಮೇಲೆ ನನ್ನ ತೋಳು ಹಿಡಿದುಕೊಂಡು ಬಂದಳು, ನೋಯುವಷ್ಟು ಬಿಗಿಯಾಗಿ. ಹೊಂಗೆ ಮರಗಳ ಕೆಳಗೆ ಆ ತುದಿಗೂ ಈ ತುದಿಗೂ ನಡೆದೆವು. ನಡೆಯುವಾಗ ಕಾಲಿನ ತಹತಹ ಕಡಿಮೆ ಎಂದಳು. ಅಷ್ಟೇ ಮಾತು. ವಾಪಸು ಬರುವಾಗ ಹಿಡಿತ ಸಡಿಲವಾಗಿತ್ತು.

ಡಾಕ್ಟರಿಗೆ ಹೇಳಿದಾಗ ಅವರು ಗದರಲಿಲ್ಲ. ಅವಸರ ಮಾಡಿದ್ದು ತಾವೇ ಎಂದು ಹೇಳಿ ಅದೇ ಅರ್ಧವನ್ನು ಇನ್ನಷ್ಟು ವಾರ ಮುಂದುವರಿಸಿದರು, ಆಮೇಲೆ ಇನ್ನೂ ಸಣ್ಣದಾಗಿ ಇಳಿಸಿದರು. ಅದು ನಿಂತ ದಿನ ಅಮ್ಮ ಪಾಯಸ ಮಾಡಿ, ಕೇಳಿದವರಿಗೆ, ಹಾಲು ಉಳಿದಿತ್ತು ಎಂದಳು.

ಉಪವಾಸ ಮತ್ತೆ ಶುರುಮಾಡಬಹುದೇ ಎಂದು ಅತ್ತೆ ಕ್ಲಿನಿಕ್ಕಿನಲ್ಲಿ ಕೇಳಿದಾಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿನಿಯ ಹಾಗೆ ಕೂತಿದ್ದಳು. "ಮಾಡಿ. ಆದರೆ ನೀರು ಕುಡೀರಿ" ಎಂದರು ಡಾಕ್ಟರ್. ನೀರಿನ ವಿಷಯದಲ್ಲಿ ಚೌಕಾಶಿ ನಡೆದು ಕೊನೆಗೆ ಅತ್ತೆ ಸೋತಳು. ಸೋತದ್ದಕ್ಕೆ ಅವಳಿಗೆ ಹೆಚ್ಚು ದುಃಖವಾದಂತೆ ಕಾಣಲಿಲ್ಲ.

ಅದಾದ ಮೇಲಿನ ಮೊದಲ ಏಕಾದಶಿ ಒಂದು ಶನಿವಾರ ಬಂತು. ನಾನು ಮನೆಯಲ್ಲಿದ್ದೆ. ಮಧ್ಯಾಹ್ನದಿಂದಲೇ ಗೊತ್ತಾಗದ ಹಾಗೆ ಅವಳನ್ನು ಗಮನಿಸುತ್ತಿದ್ದೆ. ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ. ಒಮ್ಮೆ ಅವಳು ಬೇಕೆಂದೇ ದೊಡ್ಡದಾಗಿ ಆಕಳಿಸಿ, ನಾನು ಬೆಚ್ಚಿದ್ದನ್ನು ನೋಡಿ ನಕ್ಕಳು. ಸಂಜೆ ಇಬ್ಬರೂ ವರಾಂಡದಲ್ಲಿ ಕೂತೆವು. ಅವಳ ಬೆನ್ನಿನ ಹಿಂದೆ ಬಿಸಿನೀರಿನ ಚೀಲ. ತೊಡೆಯ ಮೇಲೆ ಮಡಿಸಿದ ಕರವಸ್ತ್ರ, ಬೆಳಗ್ಗೆ ಇಟ್ಟ ಮಡಿಕೆಯಲ್ಲೇ ಇತ್ತು.

"ಬೆನ್ನು?" ಎಂದೆ.

"ಇದೆ. ಅದು ಇರುತ್ತೆ ಬಿಡು."

ಎದುರು ಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಬಂತು. ಅತ್ತೆ ಮೂಗೆತ್ತಿ ಎಳೆದುಕೊಂಡಳು, ಒಣ ಮೂಗಿನಿಂದ, ಆಳವಾಗಿ. ಕಣ್ಣು ಮುಚ್ಚಿದಳು.

"ಹುಳಿ" ಎಂದಳು. "ನುಗ್ಗೇಕಾಯಿ ಹಾಕಿದಾರೆ."

ಆಮೇಲೆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಬಹಳ ದಿನದಿಂದ ಕಾಣದ ನೆಂಟರು ಗೇಟಿನಲ್ಲಿ ಕಂಡ ಹಾಗೆ, ಆಶ್ಚರ್ಯದಿಂದ ನನ್ನ ಕಡೆ ತಿರುಗಿದಳು.

"ಹಸಿವಾಗ್ತಿದೆ ಕಣೇ."

"ಬೇರೆ ಏನಾದ್ರೂ?"

ಅವಳು ಸ್ವಲ್ಪ ಹೊತ್ತು ತನ್ನೊಳಗೇ ಹುಡುಕಿದಳು. ಕಾಲು ಅಲ್ಲಾಡಿಸಿ ನೋಡಿದಳು. ತೋಳು ಸವರಿಕೊಂಡಳು.

"ಇಲ್ಲ. ಬರೀ ಹಸಿವು."

ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅತ್ತೆ ಕುರ್ಚಿಗೆ ಒರಗಿ ಆ ಹಸಿವನ್ನು ಅನುಭವಿಸುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ನಾಳೆಗೆ ಅಗಸೆ ಸೊಪ್ಪು ತಂದಿದೀಯ ತಾನೆ?" ಎಂದು ಕೇಳಿದಳು.

"ತಂದಿದೀನಿ. ಆದರೆ ಅದು ನೆಗಡಿಗೆ ಔಷಧಿ ಅಲ್ಲ ಅಂತ ನಿನ್ನ ಗೆಳತಿಯರಿಗೆ ಹೇಳಬೇಕು."

"ಹೇಳ್ತೀನಿ, ಎಲ್ಲಾ ಹೇಳ್ತೀನಿ. ಮೊದಲು ನಾನೊಂದು ಸಲ ಅದರ ರುಚಿ ನೋಡ್ತೀನಿ. ಇಷ್ಟು ದಿನ ಮಾತ್ರೆ ಯಾವಾಗ ಅಂತ ಕಾಯ್ತಾ ಏನು ತಿಂದೆನೋ ನೆನಪೇ ಇಲ್ಲ."

ಮರುದಿನ ಬೆಳಗ್ಗೆ ಪಾರಣೆಗೆ ಕೂತಾಗ ಅವಳು ಪಲ್ಯವನ್ನು ಮೂರನೇ ಸಲ ಹಾಕಿಸಿಕೊಂಡಳು.